ಬೀಜ ಕೆಟ್ಟಿದೆ ಅನ್ನೋ ಮೊದಲು ಮೆಷಿನ್ ನೋಡಿ: ಎಸ್ಪ್ರೆಸೊಗೆ ಪ್ರೀ-ಇನ್‌ಫ್ಯೂಷನ್

ನಮ್ಮದು ಮೂಡಿಗೆರೆ ಕಡೆ ನಾಲ್ಕು ಎಕರೆ ಅರೇಬಿಕಾ ತೋಟ. ಕಳೆದ ಕೊಯ್ಲಲ್ಲಿ ಕೆಂಪು ಹಣ್ಣನ್ನಷ್ಟೇ ಆರಿಸಿ, ಪಲ್ಪಿಂಗ್ ಮಾಡಿ, ಆರು ಚೀಲ ಪಾರ್ಚ್‌ಮೆಂಟ್ ಬೇರೆ ಇಟ್ಟಿದ್ದೆ. ಮೊದಲ ಕೊಯ್ಲಿಂದ ನಾಲ್ಕು, ಕೊನೇ ಕೊಯ್ಲಿಂದ ಎರಡು. ಬೆಂಗಳೂರಿನ ಒಬ್ಬ ರೋಸ್ಟರ್ ಸ್ಯಾಂಪಲ್ ಕೇಳಿದ್ದರು. ಕಳಿಸೋ ಮೊದಲು ನಾನೇ ರುಚಿ ನೋಡೋಣ ಅಂತ ಒಂದು ಹಳೇ ಎಸ್ಪ್ರೆಸೊ ಮೆಷಿನ್ ತಂದೆ.

ಎರಡೂ ಲಾಟ್ ಹುಳಿ, ಹಿಂದೆಯೇ ಕಹಿ. ಅಪ್ಪ ಒಂದು ಗುಟುಕು ಕುಡಿದು, "ತೊಟ್ಟೀಲಿ ಹುದುಗಿದ್ದು ಜಾಸ್ತಿ ಆಗಿದೆ ಕಣೋ. ಸುಮ್ನೆ ಉಳಿದಿದ್ದರ ಜೊತೆ ವ್ಯಾಪಾರಿಗೆ ಹಾಕು" ಅಂದರು. ಒಂದು ವಾರ ನಾನೂ ಹಾಗೇ ಅಂದ್ಕೊಂಡಿದ್ದೆ.

ಆದರೆ ಮೊದಲ ಲಾಟಿನ ಅದೇ ಬೀಜವನ್ನ ಅಮ್ಮ ಫಿಲ್ಟರ್‌ಗೆ ಹಾಕಿದ್ರೆ, ಹಾಲಿಲ್ಲದೆ ಕುಡಿದರೂ ಚೆನ್ನಾಗಿತ್ತು. ನಿಂತು ನೋಡಿದೆ. ಅಮ್ಮ ಪುಡಿಯ ಮೇಲೆ ಮೊದಲು ಎರಡು ಚಮಚ ಬಿಸಿನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಉಳಿದ ನೀರು ಹಾಕ್ತಾರೆ. ಪ್ರೀ-ಇನ್‌ಫ್ಯೂಷನ್ ಅಂದ್ರೂ ಇದೇ: ಪೂರ್ತಿ ಒತ್ತಡ ಕೊಡೋ ಮೊದಲು ಪುಡಿಯನ್ನು ಮೆಲ್ಲಗೆ ನೆನೆಸೋದು.

ಯಾಕೆ ಬೇಕು?

ಒಣಗಿದ ಮಣ್ಣಿಗೆ ಪೈಪಿಂದ ಜೋರಾಗಿ ನೀರು ಬಿಟ್ಟರೆ ಏನಾಗುತ್ತೆ? ಒಂದೇ ಕಡೆ ಕೊರೆದುಕೊಂಡು ಓಡುತ್ತೆ, ಪಕ್ಕದ ಮಣ್ಣು ಒಣಗೇ ಇರುತ್ತೆ. ಎಸ್ಪ್ರೆಸೊಗೆ ಸುಮಾರು 9 ಬಾರ್ ಒತ್ತಡ ಬೇಕು. ಅದು ಒಣ ಪುಡಿಗೆ ಒಮ್ಮೆಲೇ ಬಿದ್ದರೆ ನೀರು ಸಂದು ಹುಡುಕಿಕೊಂಡು ನುಗ್ಗುತ್ತೆ. ನುಗ್ಗಿದ ಕಡೆ ಕಹಿ, ಉಳಿದ ಕಡೆ ಸತ್ವ ಇಳಿಯದೆ ಹುಳಿ. ನನ್ನ ಮೆಷಿನ್‌ನಲ್ಲಿ 36 ಗ್ರಾಂ ಕಾಫಿ 12 ಸೆಕೆಂಡಿಗೇ ಸುರಿದುಹೋಗ್ತಿತ್ತು.

ಮಾಡೋದು ಹೇಗೆ?

- ಆನ್-ಆಫ್ ವಿಧಾನ: ಪಂಪ್ 2-3 ಸೆಕೆಂಡ್ ಹಾಕಿ, ಆಫ್ ಮಾಡಿ, 5-8 ಸೆಕೆಂಡ್ ಬಿಟ್ಟು ಮತ್ತೆ ಹಾಕಿ. ಆಫ್ ಮಾಡಿದ ಕೂಡಲೇ ಕೆಳಗಿನ ಟ್ರೇಗೆ 'ಪುಸ್' ಅಂತ ನೀರು ಬಂದರೆ ಅದರಲ್ಲಿ ಒತ್ತಡ ಬಿಡೋ ವಾಲ್ವ್ ಇದೆ. ಅಂಥ ಮೆಷಿನ್‌ಗೆ ಇದು ಬೇಡ.
- ಸ್ಟೀಮ್ ನಲ್ಲಿ ವಿಧಾನ: ಒಂದೇ ಬಾಯ್ಲರ್ ಇರುವ ಮೆಷಿನ್‌ಗೆ. ಸ್ಟೀಮ್ ಮೋಡ್‌ನಲ್ಲಿ ಅಲ್ಲ, ಕಾಫಿ ಇಳಿಸೋ ಬಿಸಿಯಲ್ಲೇ ನಲ್ಲಿ ಸ್ವಲ್ಪ ತೆರೆದು ಪಂಪ್ ಹಾಕಿ. ಒಂದಷ್ಟು ನೀರು ಆ ಕಡೆ ಹೋಗಿ ಪುಡಿಯ ಮೇಲೆ ಒತ್ತಡ ಕಡಿಮೆ ಬೀಳುತ್ತೆ. 5-8 ಸೆಕೆಂಡ್ ಆದ ಮೇಲೆ ಮುಚ್ಚಿ. ಕೆಳಗೆ ಲೋಟ ಇಡಿ, ಕೈ ಸುಡುತ್ತೆ. ನಾನು ಮಾಡಿದ್ದು ಇದೇ, ಖರ್ಚು ಸೊನ್ನೆ.
- ಡಿಮ್ಮರ್: ವೈಬ್ರೇಷನ್ ಪಂಪ್‌ಗೆ ಹೋಗುವ ವೈರಿಗೆ ಡಿಮ್ಮರ್ ಹಾಕಿ ಪಂಪ್ ಜೋರು ತಗ್ಗಿಸಬಹುದು. ಹೀಟರ್ ವೈರಿಗೆ ಹಾಕಲೇಬಾರದು. ಒಳಗೆ 230 ವೋಲ್ಟ್, ಪಕ್ಕದಲ್ಲೇ ನೀರು. ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ವಾರಂಟಿ ಹೋಗುತ್ತೆ ಅನ್ನೋದೂ ನೆನಪಿರಲಿ.

ನೆನೆಸಿದ ಮೇಲೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಬಹುದು. ಈಗ ನನ್ನ ಲೆಕ್ಕ: 18 ಗ್ರಾಂ ಪುಡಿ, 36 ಗ್ರಾಂ ಕಾಫಿ, ನೆನೆಯೋ ಹೊತ್ತೂ ಸೇರಿ 30-35 ಸೆಕೆಂಡ್. ಹುರಿದ ಮಾರನೇ ದಿನವೇ ಪರೀಕ್ಷೆ ಮಾಡಬೇಡಿ. ಬೀಜದೊಳಗಿನ ಗ್ಯಾಸ್ ಇಳಿಯಲು ಒಂದು ವಾರ ಬಿಡಿ.

ಮೆಷಿನ್ ಇಲ್ಲದವರಿಗೆ

ಬೀಜದ ಗುಣ ತಿಳಿಯಲು ಕಪ್ಪಿಂಗ್ ಸಾಕು. 8.25 ಗ್ರಾಂ ತರಿ ಪುಡಿಗೆ 150 ಮಿ.ಲೀ. ಬಿಸಿನೀರು ಹಾಕಿ, 4 ನಿಮಿಷ ಬಿಟ್ಟು, ಮೇಲಿನ ಪದರ ಕಲಕಿ ತೆಗೆದು, ಆರಿದ ಮೇಲೆ ಚಮಚದಲ್ಲಿ ಹೀರಿ ನೋಡಿ. ಇಲ್ಲೂ ಹುಳಿ ವಾಸನೆ ಹೊಡೆದರೆ ತಪ್ಪು ಬೀಜದ್ದೇ.

ನಾನು ಎರಡೂ ಲಾಟನ್ನು ಎರಡೂ ರೀತಿ ನೋಡಿದೆ. ಮೊದಲ ನಾಲ್ಕು ಚೀಲದಲ್ಲಿ ಹುಳಿ ಹೋಗಿ ಸಿಹಿ ಬಂತು. ಕೊನೇ ಎರಡರಲ್ಲಿ ಹಾಗೇ ಉಳೀತು. ಆ ದಿನ ಕರೆಂಟ್ ಹೋಗಿ, ತೊಳೆಯೋದು ಮಾರನೇ ದಿನಕ್ಕೆ ಬಿದ್ದಿತ್ತು. ಅಪ್ಪ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ.

ನಾಲ್ಕು ಚೀಲ ರೋಸ್ಟರ್ ತಗೊಂಡರು, ಎರಡು ವ್ಯಾಪಾರಿಗೆ ಹೋಯ್ತು. ಮೆಷಿನ್ ಮಾತು ನಂಬಿದ್ದರೆ ಆರೂ ಅಲ್ಲಿಗೇ ಹೋಗ್ತಿತ್ತು.