ಅಂಟುವಾಳದ ನೊರೆ

ಪೇಟೆಯ ಸಾಬೂನು ಮನೆಮನೆಗೂ ಬಂದಿರುವ ಈ ಕಾಲದಲ್ಲಿಯೂ ಕಲಘಟಗಿ ತಾಲೂಕಿನ ದುಮ್ಮವಾಡದಂತಹ ಅರೆಮಲೆನಾಡಿನ ಊರುಗಳ ಗೃಹಿಣಿಯರಿಗೆ ಅಂಟುವಾಳವು ಉಪಯುಕ್ತವಾದುದೇ ಎಂದು ಬಗೆಯುತ್ತೇವೆ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ದ್ರವ್ಯವೇ ನೊರೆಗೆ ಕಾರಣ. ಗಡಸು ನೀರಿನಲ್ಲಿ ಸಾಬೂನು ಸುಣ್ಣದಂಶದೊಡನೆ ಕೂಡಿ ಗಸಿಯಾಗುವುದು. ಅಂಟುವಾಳಕ್ಕೆ ಈ ತೊಡಕು ಅಷ್ಟಾಗಿಲ್ಲ.

10–12 ಕಾಯಿಗಳ ಬೀಜವನ್ನು ತೆಗೆದು, ಸಿಪ್ಪೆಯನ್ನು ಅರ್ಧ ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಡಬೇಕು. ಮುಂಜಾನೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ಈ ನೀರು ರೇಷ್ಮೆ ಉಣ್ಣೆಗಳಿಗೂ ಒಡವೆಗಳಿಗೂ ತಲೆಗೂ ಹಿತ. ಕಣ್ಣಿಗೆ ಮಾತ್ರ ತಾಗಕೂಡದು. ಬೇಗನೆ ಹಳಸುವುದರಿಂದ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಲೇಸು.

ಆದರೆ ಸಹಜವಾದುದೆಲ್ಲವೂ ನಿರಪಾಯವಲ್ಲ. ಸಪೋನಿನ್ ಮೀನಿಗೆ ವಿಷ. ಅದು ಕಿವಿರುಗಳನ್ನು ಕೆಡಿಸುವುದು. ದುಮ್ಮವಾಡದ ಬಳಿಯ ನೀರಸಾಗರವೋ ಹುಬ್ಬಳ್ಳಿಯವರ ಬಾಯಾರಿಕೆಯನ್ನು ತಣಿಸಿದ ಜಲಾಶಯ. ಅಂಥ ದಂಡೆಯಲ್ಲಿ ಅಂಟುವಾಳದ ಬಟ್ಟೆಯನ್ನು ಜಾಲಾಡಿಸುವುದು ತರವಲ್ಲ. ತೊಳೆದ ನೀರನ್ನು ಹಿತ್ತಿಲ ಮಣ್ಣಿಗೆ ಚೆಲ್ಲೋಣ. ಮನೆಯ ಶುಚಿತ್ವವು ಊರ ನೀರನ್ನು ಕೆಡಿಸದಿರಲಿ.