ಮೌಸ್ ಮುಟ್ಟದ ಕೈಗಳಿಗೆ ಈಮ್ಯಾಕ್ಸ್

ರಾಜಾಜಿನಗರ, ವಿಜಯನಗರದ ಕಡೆ ಎಸ್ಸೆಸ್ಸೆಲ್ಸಿ ರಜೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ‘ಎ ಎಸ್ ಡಿ ಎಫ್’ ಕುಟ್ಟಿದವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಬೆರಳು ಕೀಲಿಯನ್ನು ಹುಡುಕಬಾರದು, ಕಣ್ಣು ಕಾಗದ ಬಿಟ್ಟು ಕೆಳಗಿಳಿಯಬಾರದು ಎಂಬುದು ಅಲ್ಲಿನ ಮೊದಲ ಪಾಠ. ಅಂಥ ಕೈಗಳು ಕಂಪ್ಯೂಟರಿನಲ್ಲಿ ಅಕ್ಷರ ಹೊಡೆಯುವಾಗ ಓಡುತ್ತವೆ, ತಿದ್ದುವಾಗ ಕುಂಟುತ್ತವೆ. ಒಂದು ಪದ ಅಳಿಸಲೂ ಬಲಗೈ ಮೌಸಿನವರೆಗೆ ಹೋಗಿ ಬರಬೇಕು. ಈ ಓಡಾಟ ಬೇಸರ ತಂದಿದ್ದರೆ ಈಮ್ಯಾಕ್ಸ್ ಎಂಬ ಪಠ್ಯ ಎಡಿಟರು ನಿಮಗೆ ಹಿಡಿಸಬಹುದು.

ಇದು ಹಳೆಯ ಸರಕು. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್, ಗೈ ಸ್ಟೀಲ್ ಮೊದಲಾದವರು ಟೆಕೊ ಎಂಬ ಎಡಿಟರಿಗೆ ಬರೆದ ಮ್ಯಾಕ್ರೊಗಳಿಂದ ಹುಟ್ಟಿತು. ಈಗ ನಾವು ಬಳಸುವ ಗ್ನೂ ಈಮ್ಯಾಕ್ಸ್ 1985ರದು. ದುಡ್ಡು ಕೊಡಬೇಕಿಲ್ಲ, ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು.

ಕಂಟ್ರೋಲ್ ಜೊತೆ ಎಫ್ ಒತ್ತಿದರೆ ಒಂದು ಅಕ್ಷರ ಮುಂದೆ, ಆಲ್ಟ್ ಜೊತೆ ಎಫ್ ಒತ್ತಿದರೆ ಒಂದು ಪದ ಮುಂದೆ. ಆಲ್ಟ್-ಇ ಒತ್ತಿದರೆ ವಾಕ್ಯದ ಕೊನೆ. ಕನ್ನಡ ಬರೆಯುವವರು ಇಲ್ಲೇ ಮೊದಲ ಸಲ ಎಡವುತ್ತಾರೆ: ವಾಕ್ಯದ ಕೊನೆಗೆ ಹೋಗಬೇಕಾದ್ದು ಪ್ಯಾರಾದ ಕೊನೆಗೇ ಜಿಗಿಯುತ್ತದೆ. ಪೂರ್ಣವಿರಾಮದ ನಂತರ ಎರಡು ಸ್ಪೇಸ್ ಬಿಡುವ ಅಮೆರಿಕದ ಟೈಪಿಂಗ್ ರೂಢಿಯನ್ನೇ ಈಮ್ಯಾಕ್ಸ್ ಇನ್ನೂ ನಂಬಿಕೊಂಡಿದೆ. ‘ಸೆಂಟೆನ್ಸ್-ಎಂಡ್-ಡಬಲ್-ಸ್ಪೇಸ್’ ಎಂಬುದನ್ನು ‘ನಿಲ್’ ಮಾಡುವ ಒಂದೇ ಸಾಲು ನಿಮ್ಮ ಇನಿಟ್ ಫೈಲಿನಲ್ಲಿ, ಅಂದರೆ ಈಮ್ಯಾಕ್ಸ್ ಶುರುವಾಗುವಾಗ ಓದಿಕೊಳ್ಳುವ ಫೈಲಿನಲ್ಲಿ, ಇದ್ದರೆ ಸರಿಹೋಗುತ್ತದೆ. ಹೊಸಬರು ಮಾಡುವ ಮೊದಲ ಬದಲಾವಣೆ ಇಷ್ಟು ಸಣ್ಣದಾಗಿರಲಿ. ಬೇರೆಯವರ ನೂರಾರು ಸಾಲಿನ ಇನಿಟ್ ಫೈಲನ್ನು ನಕಲು ಮಾಡಿ ಶುರುಮಾಡಿದವರಿಗೆ ತಮ್ಮದೇ ಎಡಿಟರು ಅಪರಿಚಿತವಾಗಿಬಿಡುತ್ತದೆ.

ಯಾವ ಕೀಲಿ ಏನು ಮಾಡುತ್ತದೆಂದು ಬಾಯಿಪಾಠ ಮಾಡಬೇಕಿಲ್ಲ. ಕಂಟ್ರೋಲ್-ಎಚ್, ಆಮೇಲೆ ಕೆ, ಆಮೇಲೆ ನಿಮಗೆ ಅನುಮಾನವಿರುವ ಕೀಲಿ. ಅದರ ಹಿಂದಿನ ಆಜ್ಞೆಯ ಹೆಸರು, ವಿವರಣೆ ಎದುರಿಗೆ ಬರುತ್ತದೆ; ಅಲ್ಲಿಂದ ಅದರ ಮೂಲ ಕೋಡಿನವರೆಗೂ ಹೋಗಬಹುದು. ತನ್ನ ಹೊಟ್ಟೆಯೊಳಗಿನದನ್ನು ಇಷ್ಟು ಬಿಚ್ಚುಮನಸ್ಸಿನಿಂದ ತೋರಿಸುವ ಇನ್ನೊಂದು ತಂತ್ರಾಂಶವನ್ನು ನಾನು ಕಂಡಿಲ್ಲ.

ನಿಜವಾದ ಕೈಚಳಕ ಮ್ಯಾಕ್ರೊದಲ್ಲಿದೆ, ಅಂದರೆ ಒಮ್ಮೆ ಮಾಡಿ ತೋರಿಸಿದ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದರಲ್ಲಿ. ಬಸವೇಶ್ವರನಗರದ ಯಾವುದೋ ಡಿಟಿಪಿ ಅಂಗಡಿಗೆ ಅಪಾರ್ಟ್‌ಮೆಂಟಿನವರ ಪಟ್ಟಿಯೊಂದು ಬಂದಿದೆ ಎನ್ನಿ. ಪ್ರತಿ ಸಾಲಿನಲ್ಲೂ ಮನೆ ನಂಬರು, ಅಲ್ಪವಿರಾಮ, ಹೆಸರು. ಹೆಸರು ಮೊದಲು ಬರಬೇಕು. ಎಫ್3 ಒತ್ತಿ, ಮೊದಲ ಸಾಲನ್ನು ನೀವೇ ತಿದ್ದಿ, ಮುಂದಿನ ಸಾಲಿನ ಆರಂಭಕ್ಕೆ ಬಂದು ಎಫ್4 ಒತ್ತಿ. ಆಮೇಲೆ ಕಂಟ್ರೋಲ್-ಯು, ಸೊನ್ನೆ, ಎಫ್4. ಉಳಿದ ಸಾಲುಗಳನ್ನೆಲ್ಲ ಅದೇ ತಿದ್ದಿಕೊಂಡು ಹೋಗಿ, ಪಟ್ಟಿ ಮುಗಿದು ಮುಂದೆ ಅಲ್ಪವಿರಾಮ ಸಿಗದಾಗ ನಿಲ್ಲುತ್ತದೆ. ಆದರೆ ಮೊದಲ ಸಾಲಿನಲ್ಲಿ ನಿಮ್ಮ ನಡೆ ಸರಿಯಾಗಿರಬೇಕು. ‘ಮೂರು ಅಕ್ಷರ ಮುಂದೆ’ ಎಂದು ನಡೆದರೆ ಮನೆ ನಂಬರು 7 ಇರುವ ಸಾಲಿನಲ್ಲಿ ಕೆಡುತ್ತದೆ. ‘ಅಲ್ಪವಿರಾಮದವರೆಗೆ’ ಎಂದು ಹುಡುಕಿಕೊಂಡು ನಡೆದರೆ ಎಲ್ಲ ಕಡೆಯೂ ನಡೆಯುತ್ತದೆ. ಪಳಗಿದವರು ಕೈಯಿಡುವ ಮುಂಚೆ ಸಾಲುಗಳನ್ನು ಒಮ್ಮೆ ದಿಟ್ಟಿಸಿ ನೋಡುವುದು ಇದಕ್ಕೇ.

ಕನ್ನಡದ ಮಾತಿಗೆ ಬರೋಣ. ಕೀಲಿಮಣೆಯಿಂದಲೇ ನಡೆಯುವ ಇನ್ನೊಂದು ಹೆಸರಾಂತ ಎಡಿಟರು ವಿಮ್. ಅದರಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಸಿಸ್ಟಮ್ಮಿನ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಬರೆದು, ಎಸ್ಕೇಪ್ ಒತ್ತಿ, ಸಾಲು ಅಳಿಸಲು ಎರಡು ಸಲ ಡಿ ಹೊಡೆದರೆ ಅದಕ್ಕೆ ಕೇಳಿಸುವುದು ‘ದದ’! (ಬಲ್ಲವರಿಗೆ ಅದಕ್ಕೂ ದಾರಿಗಳಿವೆ.) ಈಮ್ಯಾಕ್ಸ್ ಕನ್ನಡವನ್ನು ತನ್ನೊಳಗೇ ಇಟ್ಟುಕೊಂಡಿದೆ. ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ ‘ಕನ್ನಡ-ಐಟ್ರಾನ್ಸ್’ ಅಥವಾ ‘ಕನ್ನಡ-ಇನ್‌ಸ್ಕ್ರಿಪ್ಟ್’ ಆರಿಸಿಕೊಂಡರೆ ಅಕ್ಷರಗಳು ಕನ್ನಡವಾಗುತ್ತವೆ, ಕಂಟ್ರೋಲ್ ಆಜ್ಞೆಗಳು ಇದ್ದ ಹಾಗೇ ಇರುತ್ತವೆ. ಲೇಖನ ಬರೆಯುತ್ತಾ ನಡುನಡುವೆ ತಿದ್ದುವವರಿಗೆ ಇದು ದೊಡ್ಡ ನೆಮ್ಮದಿ.

ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗೆ, ಅಂದರೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದ ಕೈಗೆ, ಐಟ್ರಾನ್ಸ್ ಕಿರಿಕಿರಿಯೇ. ಅಲ್ಲಿ ‘ಕ’ಗೆ ಕೆ ಸಾಕು, ಇಲ್ಲಿ ಕೆ ಮತ್ತು ಎ ಎರಡೂ ಬೇಕು, ಅಲ್ಲಿ ಒತ್ತಕ್ಷರಕ್ಕೆ ಎಫ್, ಇಲ್ಲಿ ಅದಿಲ್ಲ. ಹಾಗಾದರೆ ನಿಮ್ಮದೇ ವಿನ್ಯಾಸ ಬರೆದುಕೊಳ್ಳಿ. ಈಮ್ಯಾಕ್ಸಿನ ಕ್ವೇಲ್ ಎಂಬ ಭಾಗಕ್ಕೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ ಕೊಟ್ಟರೆ ಮುಗಿಯಿತು. ವ್ಯಂಜನದ ಬೆನ್ನಿಗೆ ಬಂದ ಸ್ವರ ಗುಣಿತವಾಗಬೇಕಾದ್ದರಿಂದ ಪಟ್ಟಿ ಉದ್ದವಾಗುತ್ತದೆ, ಆದರೆ ಆ ಪಟ್ಟಿಯನ್ನು ಹುಟ್ಟಿಸಲೂ ಲಿಸ್ಪ್ ಭಾಷೆಯ ಕೆಲವು ಸಾಲು ಸಾಕು. ಒಂದು ಸಂಜೆಯ ಕೆಲಸ.

ಬೆರಳಿನ ವಿಚಾರ: ಕಂಟ್ರೋಲ್ ಮೇಲೆ ಮೇಲೆ ಒತ್ತಿ ಕಿರುಬೆರಳು ನೋಯುತ್ತದೆ ಎಂಬ ದೂರು ಸುಳ್ಳಲ್ಲ. ಕ್ಯಾಪ್ಸ್‌ಲಾಕ್ ಕೀಲಿಯನ್ನೇ ಕಂಟ್ರೋಲ್ ಮಾಡಿಕೊಳ್ಳಿ. ಕನ್ನಡಕ್ಕೆ ಕ್ಯಾಪ್ಸ್‌ಲಾಕಿನಿಂದ ಆಗಬೇಕಾದ್ದೇನೂ ಇಲ್ಲ.

ಕಂಟ್ರೋಲ್-ಎಚ್, ಟಿ ಒತ್ತಿದರೆ ಒಳಗೇ ಇರುವ ಪಾಠ ತೆರೆಯುತ್ತದೆ. ಅದರಲ್ಲೇ ಅಕ್ಷರ ಅಳಿಸಿ, ಸೇರಿಸಿ, ಕೆಡಿಸಿ ನೋಡಬಹುದು. ಯಾವುದೋ ಕೀಲಿ ತಾಕಿ ಕೆಳಗಿನ ಸಾಲಿನಲ್ಲಿ ಏನೋ ಪ್ರಶ್ನೆ ಎದ್ದರೆ ಕಂಟ್ರೋಲ್-ಜಿ ಒತ್ತಿ, ಸುಮ್ಮನಾಗುತ್ತದೆ. ಹೊರಗೆ ಬರಲು ಕಂಟ್ರೋಲ್-ಎಕ್ಸ್, ಕಂಟ್ರೋಲ್-ಸಿ.