ಮಂಗಳೂರಿನ ಪತ್ರಿಕೆಗಳೂ ಪ್ರಾಸತ್ಯಾಗವೂ

ಹೊಸಗನ್ನಡ ಕಾವ್ಯವು ದ್ವಿತೀಯಾಕ್ಷರಪ್ರಾಸವನ್ನು ತೊರೆದುದನ್ನು ಸಾಹಿತ್ಯಚರಿತ್ರೆಗಳು ಒಬ್ಬ ಕವಿಯ ಸಾಹಸವೆಂದು ವರ್ಣಿಸುವುದುಂಟು. ಆ ಕೀರ್ತಿಯು ಕವಿಗೆ ಸಲ್ಲತಕ್ಕುದೇ. ಆದರೆ ಅದಕ್ಕೆ ಎಡೆಗೊಟ್ಟ ಊರನ್ನೂ ಪತ್ರಿಕೆಯನ್ನೂ ಮರೆತರೆ ಕಾರ್ಯವನ್ನು ಹೇಳಿ ಕಾರಣವನ್ನು ಬಿಟ್ಟಂತಾಗುವುದು.

ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬರಬೇಕೆಂಬುದು ಪ್ರಾಸನಿಯಮ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಇದಕ್ಕೆ ಹಿರಿದಾದ ಮನ್ನಣೆಯನ್ನಿತ್ತಿತು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಲಾಕ್ಷಣಿಕರು ಅದನ್ನು ಆರು ಬಗೆಯಾಗಿ ವಿಭಾಗಿಸಿದರು. ಓಲೆಗರಿಯ ಕಾವ್ಯವು ವಾಚಕನ ಕಂಠದಿಂದ ಸಭೆಯ ಕಿವಿಗೆ ಮುಟ್ಟುತ್ತಿದ್ದ ಕಾಲದಲ್ಲಿ ಪ್ರಾಸವು ಪಾದಾರಂಭವನ್ನು ತಿಳಿಸುವ ಗುರುತೂ ಆಗಿದ್ದಿತು.

ಮಂಗಳೂರಿನಲ್ಲಿ ಈ ಸ್ಥಿತಿಯು ಕ್ರಮೇಣ ಮಾರ್ಪಟ್ಟಿತು. 1799ರಲ್ಲಿ ಇಂಗ್ಲಿಷರ ವಶವಾದ ಈ ಪಟ್ಟಣಕ್ಕೆ 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದರು. ಆ ಸಂಸ್ಥೆಯ ಹರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. 1900ರಲ್ಲಿ ಬೆನೆಗಲ್ ರಾಮರಾಯರ ‘ಸುವಾಸಿನಿ’ಯು ಹುಟ್ಟಿ, ಪಂಜೆ ಮಂಗೇಶರಾಯರಂತಹವರ (1874–1937) ಬರವಣಿಗೆಗೆ ಆಶ್ರಯವಾಯಿತು. ‘ಸ್ವದೇಶಾಭಿಮಾನಿ’ಯು 1907ರಲ್ಲಿ ಮೊದಲಾಯಿತು. ಪತ್ರಿಕೆಯ ಪುಟದಲ್ಲಿ ಷಟ್ಪದಿಯ ಸಂಧಿಗಳಿಗೆ ಎಡೆಯಿಲ್ಲ. ಒಂದೇ ಭಾವದ ಕೆಲವೇ ಪದ್ಯಗಳಿಗೆ ಮಾತ್ರ ಎಡೆಯುಂಟು. ಅದನ್ನು ಓದುವವನು ಏಕಾಂತದಲ್ಲಿ ಕಣ್ಣಿನಿಂದ ಓದುವನು. ಪಾದಾರಂಭವನ್ನು ಅಚ್ಚಿನ ಸಾಲೇ ತೋರಿಸುವುದರಿಂದ ಪ್ರಾಸದ ಒಂದು ಪ್ರಯೋಜನವು ಅಲ್ಲಿಗೆ ತೀರಿತು.

ಪಂಜೆಯವರ ಶಿಷ್ಯರಾದ ಮಂಜೇಶ್ವರದ ಎಂ. ಗೋವಿಂದ ಪೈಗಳು (1883–1963) ಪ್ರಾಸವನ್ನು ಬಿಟ್ಟುದು 1911ರಲ್ಲಿ. ಆ ಬಗೆಯ ಮೊದಲ ಕವಿತೆಗಳಲ್ಲೊಂದಾದ ‘ಹೊಲೆಯನು ಯಾರು?’ ಎಂಬುದು ‘ಸ್ವದೇಶಾಭಿಮಾನಿ’ಯಲ್ಲಿಯೇ ಪ್ರಕಟವಾಯಿತು. ಹೆಸರೇ ಸಾರುವಂತೆ, ಅಲ್ಲಿ ಛಂದಸ್ಸಿನ ಕಟ್ಟೊಂದೇ ಅಲ್ಲ, ಸಮಾಜದ ಕಟ್ಟೂ ಪ್ರಶ್ನೆಗೆ ಗುರಿಯಾಯಿತು.

ಪ್ರಾಸವಿಲ್ಲದುದು ಪದ್ಯವೇ ಅಲ್ಲವೆಂಬ ಆಕ್ಷೇಪಕ್ಕೆ ಸಮಾಧಾನವು ದೂರದಲ್ಲಿಲ್ಲ. ಕಾಳಿದಾಸನ ಶ್ಲೋಕಗಳಿಗೆ ಈ ನಿಯಮವಿಲ್ಲ. ಶಿವಶರಣರ ವಚನಗಳಿಗೂ ಇಲ್ಲ. ಆದರೆ ಪೈಗಳು ಛಂದಸ್ಸನ್ನೇ ತೊರೆದರೆಂದು ಭಾವಿಸುವುದೂ ತಪ್ಪು. ಅವರು ಮೊದಲು ಪ್ರಾಸಬದ್ಧವಾಗಿಯೇ ಬರೆದು ಪಳಗಿದವರು. ಅನಂತರವೂ ಗಣ, ಲಯಗಳನ್ನು ಕೈಬಿಡಲಿಲ್ಲ. 1930ರಲ್ಲಿ ಪ್ರಕಟವಾದ ‘ಗಿಳಿವಿಂಡು’ ಇದಕ್ಕೆ ಸಾಕ್ಷಿ. ತ್ಯಾಗವೆಂಬುದು ಉಳ್ಳವನಿಗೆ ಸಲ್ಲುವ ಮಾತು; ಪ್ರಾಸವನ್ನರಿಯದವನು ಅದನ್ನು ಬಿಟ್ಟನೆಂಬುದಕ್ಕೆ ಅರ್ಥವಿಲ್ಲ.